ಯಾಕ್ಲಾಗೊಂದು ಪಿಕಪ್ಪು

ನಮ್ಮ ಭಾವ ತಮ್ಮ ಆಯುಸ್ಸಿನಲ್ಲಿ ರಿಪೇರಿ ಮಾಡದೆ ಬಿಟ್ಟಿದ್ದು ಎರಡನ್ನೇ. ಒಂದು ನಮ್ಮಕ್ಕ, ಇನ್ನೊಂದು ಯಾಕ್ಲಾ. ಅದಕ್ಕೇ ಎರಡೂ ಇಷ್ಟು ಕಾಲ ಚೆನ್ನಾಗಿ ನಡೆದುಕೊಂಡು ಬಂದಿದ್ದವು. ಹೋದ ವರ್ಷ ಕಾಫಿ ಕುಯ್ಲು ಮುಗಿದ ಮೇಲೆ, ಮೊದಲನೆಯದರ ಕಿವಿ ಮಂದವಾಯಿತೆಂದು ಎರಡನೆಯದರ ಹೊಟ್ಟೆಗೆ ಕೈ ಹಾಕಿಬಿಟ್ಟರು. ಆ ಶಸ್ತ್ರಚಿಕಿತ್ಸೆಯ ಕಥೆಯೇ ಇದು. ನಡುವೆ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಅದನ್ನು ಈಗಲೇ ಹೇಳಿದರೆ ನೀವು ನಗುವುದಿಲ್ಲ. ಸ್ವಲ್ಪ ತಡೆಯಿರಿ.

ರಿಪೇರಿ ಎಂದರೆ ನೀವು ತಿಳಿದುಕೊಂಡಿರುವ ರಿಪೇರಿಯಲ್ಲ. ಕೆಟ್ಟಿದ್ದನ್ನು ಸರಿಮಾಡುವುದು ಯಾರು ಬೇಕಾದರೂ ಮಾಡುವ ಕೆಲಸ. ಭಾವ ಸರಿಯಿರುವುದನ್ನು ಸರಿಮಾಡುವವರು. ಅಕ್ಕನ ಹೊಸ ಮಿಕ್ಸಿ ಯಾಕೋ ಸದ್ದು ಹೆಚ್ಚು ಮಾಡುತ್ತದೆ ಎಂದು ಅವರಿಗೆ ಅನ್ನಿಸಿತು. ಒಂದು ಮಧ್ಯಾಹ್ನ ಕೂತು ಅಡುಗೆಮನೆಯ ಸ್ವಿಚ್ಚಿನ ಹಲಗೆ ಬಿಚ್ಚಿ ವೈರುಗಳಿಗೆ ಬುದ್ಧಿ ಹೇಳಿದರು. ಅಂದಿನಿಂದ ಮಿಕ್ಸಿಯ ಪ್ಲಗ್ಗಿಗೆ ಕರೆಂಟು ಬರಬೇಕಾದರೆ ಪಡಸಾಲೆಯ ಫ್ಯಾನು ಹಾಕಬೇಕು. ಫ್ಯಾನು ತಿರುಗಿದರೆ ಮಿಕ್ಸಿ ತಿರುಗುತ್ತದೆ, ಫ್ಯಾನು ನಿಂತರೆ ಮಿಕ್ಸಿ ನಿಲ್ಲುತ್ತದೆ. ಯಸಳೂರಿನ ಚಳಿಯಲ್ಲಿ ಆ ಮನೆಯಲ್ಲಿ ಚಟ್ನಿ ತಿನ್ನಬೇಕಾದವರು ಸ್ವೆಟರ್ ಹಾಕಿಕೊಂಡು ಫ್ಯಾನಿನ ಕೆಳಗೆ ಕೂರಬೇಕು. ಈ ಪ್ಲಗ್ಗನ್ನು ಜ್ಞಾಪಕದಲ್ಲಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ, ಅದರ ಫಲ ಅನುಭವಿಸಿದೆ.

ಅವರ ಕೊಡೆಯ ಕಥೆ ಇನ್ನೊಂದು. ಗಾಳಿಗೆ ಮಗುಚಿಕೊಳ್ಳದ ಹಾಗೆ ಅದಕ್ಕೆ ಸೈಕಲ್ಲಿನ ಕಡ್ಡಿಗಳನ್ನು ಕಟ್ಟಿದರು. ಮಗುಚಿಕೊಳ್ಳುವುದು ನಿಂತಿತು, ಮುಚ್ಚಿಕೊಳ್ಳುವುದೂ ನಿಂತಿತು. ಬಿಚ್ಚಿದ ಕೊಡೆ ಹಿಡಿದು ಬಸ್ಸು ಹತ್ತಲು ಹೋದರೆ ಕಂಡಕ್ಟರು, "ಯಜಮಾನ್ರೇ, ಕೊಡೆಗೊಂದು ಟಿಕೆಟ್ ತಗೊಳ್ಳಿ, ಇಲ್ಲ ಮೇಲೆ ಹಾಕಿ" ಅಂದನಂತೆ. ಅದೀಗ ಹಿತ್ತಲಿನಲ್ಲಿ ಅಕ್ಕನ ಕೊತ್ತಂಬರಿ ಮಡಿಗೆ ನೆರಳು ಕೊಟ್ಟುಕೊಂಡು ನೆಮ್ಮದಿಯಾಗಿದೆ.

ಭಾವ ಯಸಳೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಆಳುಗಳ ಹಾಜರಿ ಬರೆಯುವುದು, ಕುಯ್ದ ಹಣ್ಣು ತೂಗಿಸುವುದು, ಸ್ಟೋರಿನ ಬೀಗ ಕಾಯುವುದು ಅವರ ಕೆಲಸ. ಈಗ ರಿಟೈರಾಗಿ ರಸ್ತೆ ಬದಿಯ ಚಿಕ್ಕ ಮನೆಯಲ್ಲಿದ್ದಾರೆ. ನಾನು ಆಲೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದವನು. ಓದಿದ್ದು ಎಸ್ಸೆಸ್ಸೆಲ್ಸಿ. ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು, ವಾಸನೆ ಮಾತ್ರ ಇನ್ನೂ ನನ್ನ ಅಂಗಿಯಲ್ಲಿದೆ ಎನ್ನುತ್ತಾರೆ ಭಾವ.

ಅಕ್ಕ ನನಗಿಂತ ಬಹಳ ದೊಡ್ಡವಳು. ಅಮ್ಮ ಹೊಲಕ್ಕೆ ಹೋದರೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ನಾನು ಪಕ್ಕದ ಹಿತ್ತಲಿನ ಸೀಬೆಕಾಯಿ ಕದ್ದು ಸಿಕ್ಕಿಬಿದ್ದು ಬಂದರೆ ಹೊಡೆಯುತ್ತಿರಲಿಲ್ಲ. ಸೆರಗಿನಲ್ಲಿ ನನ್ನ ಮುಖ ಒರೆಸಿ, ಗಲ್ಲ ಹಿಡಿದು ಮೇಲೆತ್ತಿ, "ಯಾಕ್ಲಾ?" ಎಂದು ಒಂದೇ ಮಾತು ಕೇಳುತ್ತಿದ್ದಳು. ಹೊಡೆದಿದ್ದರೆ ವಾಸಿಯಿತ್ತು. ನಮ್ಮ ಕಡೆ ಚಿಕ್ಕವರನ್ನು, ಸಲಿಗೆಯ ಗಂಡಸರನ್ನು ಹೀಗೆ 'ಲಾ' ಹಚ್ಚಿ ಮಾತಾಡಿಸುತ್ತೇವೆ. ದೊಡ್ಡವರಿಗೆ ಹಚ್ಚಿದರೆ ಪಂಚಾಯ್ತಿಯೇ. ನನಗೆ 'ಲಾ' ಹಚ್ಚುವವರು ಈಗ ಈ ಭೂಮಿಯ ಮೇಲೆ ಅಕ್ಕ ಒಬ್ಬಳೇ ಉಳಿದಿದ್ದಾಳೆ.

ಇನ್ನು ಯಾಕ್ಲಾ ಎಂಬ ವಸ್ತುವಿನ ವಿಷಯ. ಭಾವನ ಎಸ್ಟೇಟು ಒಂದು ಕೈಯಿಂದ ಇನ್ನೊಂದು ಕೈಗೆ ಹೋದಾಗ ಬಂಗಲೆಯ ಹಳೇ ಸಾಮಾನನ್ನೆಲ್ಲ ಹೊರಗೆ ಹಾಕಿ, ಬೇಕಾದ್ದು ಒಂದೊಂದು ತೆಗೆದುಕೊಳ್ಳಿ ಎಂದು ಸಿಬ್ಬಂದಿಗೆ ಹೇಳಿದರು. ಡ್ರೈವರು ಬೆತ್ತದ ಕುರ್ಚಿ ಎತ್ತಿಕೊಂಡ. ಅಡುಗೆಯವನು ಗೋಡೆ ಗಡಿಯಾರ ಎತ್ತಿಕೊಂಡ. ಇನ್ನೊಂದು ಬೆತ್ತದ ಕುರ್ಚಿ ನಮ್ಮ ಮನೆಗೆ ಬಂದೇ ಬರುತ್ತದೆ ಎಂದು ಅಕ್ಕ ಜಗಲಿ ಗುಡಿಸಿ, ಕುರ್ಚಿ ಇಡುವ ಜಾಗದಲ್ಲಿ ಒಂದು ರಂಗೋಲಿ ಎಳೆ ಕೂಡ ಎಳೆದು ಕಾಯುತ್ತಿದ್ದಳು. ಭಾವ ಬಂದರು. ಕೈಯಲ್ಲಿ, ಎಳೆ ಮಗುವನ್ನು ಎತ್ತಿಕೊಂಡ ಹಾಗೆ, ಒಂದು ಬಟ್ಟೆಯ ಚೀಲ.

"ಕುರ್ಚಿ ಎಲ್ರೀ?"

"ಕುರ್ಚಿ ಮೇಲೆ ಕೂತು ಏನ್ ಮಾಡ್ತೀಯ, ಇದ ನೋಡು."

ಅಕ್ಕ ನೋಡಿದಳು. "ಗಿಟಾರಾ? ಒಗ್ದು ಒಣಗಾಕಿದ್ರೇನೋ, ಇಷ್ಟು ಕುಗ್ಗೋಗೈತೆ."

"ಗಿಟಾರಲ್ಲ ಕಣೆ. ಯುಕುಲೇಲೆ."

"ಏನಂದ್ರಿ?"

"ಯುಕುಲೇಲೆ!"

"ಕಟ್ಕೊಂಡೋಳ್ನ ಯಾಕ್ಲಾ ಲೇ ಅಂತೀರಲ್ಲ, ನಾನೇನು ನಿಮ್ ಜೊತೆ ಗೋಲಿ ಆಡ್ದೋಳಾ?"

ಭಾವ ಬಿಡಿಸಿ ಬಿಡಿಸಿ ಹೇಳಿದಷ್ಟೂ ಅದು ಬೈಗುಳದ ಹಾಗೇ ಕೇಳಿಸಿತಂತೆ. ಕೊನೆಗೆ ಅದರ ಹೆಸರೇ ಯಾಕ್ಲಾ ಎಂದಾಯಿತು. ಜಗಲಿಯ ರಂಗೋಲಿಯ ಮೇಲೆ ಕುರ್ಚಿಯ ಬದಲು ಭಾವನೇ ಚಕ್ಕಳಮಕ್ಕಳ ಹಾಕಿ ಕೂತರು.

ಸಂಗೀತ ಅವರಿಗೆ ಬರುತ್ತಿರಲಿಲ್ಲ. ಯಾಕ್ಲಾಗೆ ಇರುವುದು ನಾಲ್ಕು ತಂತಿ. ಮೇಲಿನಿಂದ ಕೆಳಗೆ ಒಂದೊಂದನ್ನೇ ಮೀಟಿದರೆ 'ಕಾ, ಫಿ, ಆಯ್, ತಾ' ಎಂದು ಕೇಳಿದ ಹಾಗಾಗುತ್ತದೆ ಎನ್ನುವುದನ್ನು ಅವರು ಮೊದಲ ದಿನವೇ ಕಂಡುಹಿಡಿದರು. ಕಂಡುಹಿಡಿದ ಮೇಲೆ ಮುಂದೆ ಕಲಿಯುವ ಅಗತ್ಯ ಬೀಳಲಿಲ್ಲ. ಸಾಯಂಕಾಲ ಎಸ್ಟೇಟಿನಿಂದ ಬಂದು, ಕೈಕಾಲು ತೊಳೆದು, ಜಗಲಿಯಲ್ಲಿ ಕೂತು ನಾಲ್ಕು ತಂತಿ ಮೀಟುವರು. ಕಾಫಿ ಆಯ್ತಾ? ಒಳಗಿನಿಂದ ಅಕ್ಕ, "ಆಯ್ತು, ಬನ್ನಿ" ಎನ್ನುವಳು. ದಿನವೂ ಇಷ್ಟೇ. ಎಷ್ಟೋ ಸಲ ಒಲೆ ಹಚ್ಚಿಯೇ ಇರುತ್ತಿರಲಿಲ್ಲ, ಆದರೂ "ಆಯ್ತು, ಬನ್ನಿ" ಎನ್ನುತ್ತಿದ್ದಳು. ನಾನು ಆಲೂರಿನಿಂದ ಹೋದಾಗಲೆಲ್ಲ ಈ ಪ್ರಶ್ನೋತ್ತರ ಕೇಳಿ ನಗುತ್ತಿದ್ದೆ. ಒಂದು ತಂತಿ ತುಂಡಾದಾಗ ಹೇಮಾವತಿಯಲ್ಲಿ ಗಾಳ ಹಾಕುವವರ ಹತ್ತಿರ ದಾರ ತಂದು ಕಟ್ಟಿದರು. ಒಂದು ವಾರ ಕಾಫಿಗೆ ಮೀನಿನ ವಾಸನೆ ಬರುತ್ತಿದೆ ಎಂದು ಅಕ್ಕ ಮೂಗು ಮುಚ್ಚಿಕೊಂಡೇ "ಆಯ್ತು" ಎಂದಳು.

ಹೀಗಿರುವಾಗ ನನ್ನ ಮಗಳಿಗೆ ಹಾನುಬಾಳಿನ ಸಂಬಂಧ ಗೊತ್ತಾಯಿತು. ಬೀಗರು ದೊಡ್ಡ ಮೀಸೆಯ, ಮರ್ಯಾದೆಯ ವಿಷಯದಲ್ಲಿ ಬಹಳ ಸೂಕ್ಷ್ಮದ ಮನುಷ್ಯ. ಎಲೆಗೆ ಉಪ್ಪು ಬಡಿಸುವುದು ತಡವಾದರೂ ಅದರಲ್ಲಿ ಏನೋ ಅರ್ಥ ಹುಡುಕುವವರು. ಮಾತುಕತೆಗೆ ನಮ್ಮ ಮನೆಗೆ ಬಂದರು. ಅಕ್ಕ ಭಾವ ಬಂದರು, ಭಾವನ ಜೊತೆ ಚೀಲದಲ್ಲಿ ಯಾಕ್ಲಾನೂ ಬಂತು. ಚೀಲವನ್ನು ದಿವಾನದ ಮೇಲೆ ಇಟ್ಟು ಭಾವ ಕೈ ತೊಳೆಯಲು ಹೋದರು. ಬರುವಷ್ಟರಲ್ಲಿ ಬೀಗರು ಆ ದಿವಾನದ ಮೇಲೆ, ಸರಿಯಾಗಿ ಚೀಲದ ಪಕ್ಕ, ಇನ್ನೊಂದಿಷ್ಟು ಸರಿದರೆ ಮೇಲೆಯೇ ಕೂರುವ ಹಾಗೆ ಕೂತಿದ್ದಾರೆ.

"ಯಾಕ್ಲಾ! ಯಾಕ್ಲಾ ಮೇಲೆ ಕೂತ್ಕೋತೀರ!" ಎಂದು ಭಾವ ಬಾಗಿಲಿನಿಂದಲೇ ಕೂಗಿದರು.

ಬೀಗರು ಎದ್ದು ನಿಂತರು. ಮೀಸೆಯೂ ಎದ್ದು ನಿಂತಿತು. "ಯಾರಿಗ್ರೀ ಲಾ ಅಂತಿದ್ದೀರ? ಹೆಣ್ಣು ಕೇಳಕ್ಕೆ ಬಂದ್ರೆ ಲಾ ಅನ್ನಿಸ್ಕೋಬೇಕಾ?"

"ನಿಮ್ಗಲ್ಲ ಸ್ವಾಮಿ, ಯಾಕ್ಲಾಗೆ."

"ನೋಡಿ, ಮತ್ತೆ ಅಂದ್ರು!"

ಚೀಲ ಬಿಚ್ಚಿ, ತೆಗೆದು ತೋರಿಸಿ, ಅದರ ನಿಜವಾದ ಹೆಸರು ಹೇಳಿದ್ದಕ್ಕೆ ಇನ್ನಷ್ಟು ಕೆಟ್ಟಿತು. ಒಬ್ಬಟ್ಟು, ತುಪ್ಪ, ನನ್ನ ಕೈಮುಗಿತ ಎಲ್ಲ ಸೇರಿ ಸಮಾಧಾನ ಮಾಡುವ ಹೊತ್ತಿಗೆ ಸಾಕುಸಾಕಾಯಿತು. ಅಕ್ಕ ಮಾತ್ರ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಆ ನಗುವನ್ನು ನಾನು ಕಣ್ಣಾರೆ ನೋಡಿದವನು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ್ದು ಗೊತ್ತಿಲ್ಲದೆ ಮಾಡಿದ್ದಲ್ಲ.

ಮದುವೆಗೆ ಸ್ವಲ್ಪ ಮುಂಚೆ ಲಗ್ನಪತ್ರಿಕೆ ತರಲು ಸಕಲೇಶಪುರಕ್ಕೆ ಹೋಗಿದ್ದೆ. ಭಾವನೂ ಬಂದಿದ್ದರು. "ಮದ್ವೇಲಿ ಯಾಕ್ಲಾ ಬಾರಿಸ್ತೀನಿ ಕಣಯ್ಯ. ಊಟಕ್ಕೆ ಕರೆಯೋ ಥರ ಒಂದು ಕಲ್ತಿದ್ದೀನಿ" ಎಂದರು. ನನಗೆ ಬೀಗರ ಮೀಸೆ ಕಣ್ಣಮುಂದೆ ಬಂತು. ತರಬೇಡಿ ಭಾವ ಎಂದು ನೇರವಾಗಿ ಹೇಳಬಹುದಿತ್ತು. ಬೇಜಾರು ಮಾಡಿಕೊಳ್ಳುತ್ತಿದ್ದರು, ಎರಡು ದಿನಕ್ಕೆ ಮರೆಯುತ್ತಿದ್ದರು. ಆದರೆ ಕೆಟ್ಟವನಾಗಲು ನನಗೆ ಇಷ್ಟವಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅವರ ಕಿವಿಯ ಹತ್ತಿರ ಬಗ್ಗಿ ಪಿಸುಮಾತಿನಲ್ಲಿ ಹೇಳಿದೆ:

"ಭಾವ, ತಪ್ಪು ತಿಳ್ಕೋಬೇಡಿ. ನೀವು ಅದನ್ನ ಬಾರ್ಸಿದ್ರೆ ಅಕ್ಕಂಗೆ ನಾಚ್ಕೆ ಆಗ್ತೈತಂತೆ. ನಿಮ್ ಮುಂದೆ ಹೇಳಕ್ಕಾಗ್ದೆ ನನ್ ಹತ್ರ ಅಂದ್ಲು."

ಭಾವ ನನ್ನ ಮುಖ ನೋಡಿದರು. ಯಸಳೂರಿನ ಬಸ್ಸು ಹೊರಡಲು ಗುರುಗುಟ್ಟುತ್ತಿತ್ತು. ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿ ಕೇಳಿದರು, "ಮನೇಲಿ ಬಾರ್ಸಿದ್ರೂನಾ?"

ಇಲ್ಲ ಭಾವ, ಮದುವೆಯಲ್ಲಿ ಮಾತ್ರ ಎನ್ನಲು ನಾಲಿಗೆ ಎಷ್ಟು ಹೊರಳಬೇಕಿತ್ತು? ಅಷ್ಟೂ ಹೊರಳಲಿಲ್ಲ. "ಹೂಂ" ಅಂದುಬಿಟ್ಟೆ.

ಭಾವ ಯಾಕ್ಲಾವನ್ನು ಎಸ್ಟೇಟಿನ ಸ್ಟೋರಿಗೆ ತೆಗೆದುಕೊಂಡು ಹೋಗಿ ಕಾಫಿ ಮೂಟೆಗಳ ನಡುವೆ ಒಂದು ಮೊಳೆಗೆ ನೇತುಹಾಕಿದರು. ಎಲ್ಲಿ ಹೋಯಿತು ಎಂದು ಅಕ್ಕ ಕೇಳಿದಾಗ, ತಂತಿ ಹೋಗಿದೆ ಎಂದರು. ಮದುವೆ ಚೆನ್ನಾಗಿಯೇ ನಡೆಯಿತು. ಆ ಮಗಳ ಮಕ್ಕಳಿಗೆ ಈಗ ಮೀಸೆ ಬಂದಿದೆ, ಹಾನುಬಾಳಿನ ತಾತನದೇ ಮೀಸೆ. ಇಷ್ಟು ಕಾಲದುದ್ದಕ್ಕೂ ಅಕ್ಕ ನನ್ನನ್ನು ಕಂಡಾಗಲೆಲ್ಲ ಒಂದೇ ಮಾತು: "ಹಾಸನಕ್ಕೆ ಹೋದ್ರೆ ಯಾಕ್ಲಾಗೆ ತಂತಿ ತಾರ್ಲಾ. ಬಾಯ್ಬಿಟ್ಟು ಕಾಫಿ ಕೇಳಿದ್ರೆ ಯಾರೋ ನೆಂಟ್ರು ಕೇಳ್ದಂಗಾಗ್ತೈತೆ." ನಾನು, "ಸಿಗಲ್ಲ ಅಕ್ಕ, ಆ ಥರದ್ದು ಈಗ ಬರಲ್ಲ" ಎನ್ನುತ್ತಿದ್ದೆ. ಹಾಸನದಲ್ಲಿ ನನ್ನ ಗೊಬ್ಬರದ ಲಾರಿ ನಿಲ್ಲುತ್ತಿದ್ದುದೇ ವಾದ್ಯಗಳ ಅಂಗಡಿಯ ಮುಂದೆ.

ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಮೊದಲ ತಿಂಗಳು ಹೇಳಿದ್ದರೆ ಬೈಗುಳದಲ್ಲಿ ಮುಗಿಯುತ್ತಿತ್ತು. ಸುಳ್ಳು ಕೂಡ ಮನೆಯ ಹಿರಿಯರಿದ್ದ ಹಾಗೆ. ವಯಸ್ಸಾದಷ್ಟೂ ಅದನ್ನು ಕೂತ ಜಾಗದಿಂದ ಎಬ್ಬಿಸುವುದು ಕಷ್ಟ.

ಈ ನಡುವೆ ಅಕ್ಕನ ಕಿವಿ ಮಂದವಾಗುತ್ತ ಬಂತು. ಹಾಸನದ ಡಾಕ್ಟರು ಕಿವಿಗೆ ಮೆಷಿನ್ನು ಕೊಟ್ಟರು. ಅದು ಕಿವಿಯೊಳಗೆ ಕುಯ್ಯೆಂದು ಕೂಗುತ್ತಿತ್ತು. "ಬೇಳೆ ಇಲ್ದೇ ಕುಕ್ಕರ್ ಕೂಗ್ದಂಗೆ ಕೂಗ್ತೈತೆ, ಯಾವಾಗ ಇಳಿಸ್ಲಿ ಅಂತ ಕಾಯೋದೇ ಆಯ್ತು" ಎಂದು ಅಕ್ಕ ಅದನ್ನು ಸಾಸಿವೆ ಡಬ್ಬಿಯಲ್ಲಿ ಹಾಕಿಟ್ಟಳು. ಅಕ್ಕನಿಗೆ ಏನು ಹೇಳಬೇಕಾದರೂ ಮೂರು ಮನೆಗೆ ಕೇಳುವ ಹಾಗೆ ಕೂಗಬೇಕು. ಅವಳೂ ಹಾಗೆಯೇ ಕೂಗಿ ಉತ್ತರ ಕೊಡುತ್ತಾಳೆ. ಆ ಮನೆಯಲ್ಲಿ ಈಗ ಗುಟ್ಟು ಎಂಬುದಕ್ಕೆ ಜಾಗವಿಲ್ಲ.

ಒಂದು ದಿನ ಭಾವ ಫೋನು ಮಾಡಿದರು. "ರಿಟೈರಾದ್ರೂ ಸ್ಟೋರಲ್ಲೇ ಬಿಟ್ಟಿದ್ದೆ, ಯಾಕ್ಲಾನ ಮನೆಗೆ ತಂದ್ಬುಟ್ಟೆ ಕಣಯ್ಯ. ಈಗ ಬಾರಿಸ್ಬೋದಲ್ಲ. ಅವ್ಳಿಗೆ ಕೇಳ್ಸಲ್ಲ, ನಾಚ್ಕೆನೂ ಆಗಲ್ಲ."

ಎರಡು ದಿನ ಬಿಟ್ಟು ಮತ್ತೆ ಫೋನು. "ಒಂದು ವಿಚಿತ್ರ ಆಗೈತೆ ಮಾರಾಯ. ನಾನು ಬಾರ್ಸೋದ ನೋಡಿ, ತಂತಿ ಸಿಕ್ತಾ ಅಂತ ಖುಷಿಯಾಗ್ಬುಟ್ಲು. ಜೋರಾಗಿ ಬಾರ್ಸಿ, ಕೇಳ್ಸ್ತಿಲ್ಲ ಅಂತ ಪಕ್ದಲ್ಲೇ ಬಂದು ಕೂರ್ತಾಳೆ. ಕಿವಿ ತಂದು ಅದ್ರ ಹೊಟ್ಟೆಗೇ ಒತ್ತಿ ಇಡ್ತಾಳೆ. ಕೇಳ್ಸಲ್ಲ. ಮುಖ ಸಣ್ಣಗಾಗ್ಬುಡ್ತೈತೆ. ನಾಚ್ಕೆ ಹೊಂಟೋಯ್ತಾ ಅವ್ಳಿಗೆ?"

"ವಯಸ್ಸಾದ್ ಮೇಲೆ ಹೋಗ್ತೈತೆ ಭಾವ" ಅಂದೆ. ಭಾವನಿಗೆ ಹೇಳಿದ್ದರಲ್ಲಿ ಇದು ಮೂರನೆಯ ಸುಳ್ಳು.

"ಹಂಗಾರೆ ಅವ್ಳಿಗೆ ಕೇಳ್ಸಂಗೆ ಮಾಡ್ತೀನಿ" ಎಂದರು ಭಾವ. ಅವರ ದನಿಯಲ್ಲಿ ರಿಪೇರಿಯ ಹುಮ್ಮಸ್ಸು ಎದ್ದಿತ್ತು. ಅಷ್ಟೂ ವರ್ಷ ಮುಟ್ಟದೆ ಇಟ್ಟಿದ್ದ ಯಾಕ್ಲಾ ಕೆಟ್ಟುಹೋದರೆ? ಅಕ್ಕನಿಗೆ ಕೇಳಿಸುವ ಕೊನೆಯ ದಾರಿಯೂ ಮುಚ್ಚುತ್ತದೆ. ಅದರ ಭಾರ ಯಾರ ಮೇಲೆ? ಆ 'ಹೂಂ' ಅಂದವನ ಮೇಲೆ.

ವಾರ ಕಳೆಯಿತು. ಮತ್ತೆ ಫೋನು. "ಪಿಕಪ್ ಬಂದೈತೆ ಕಣಯ್ಯ. ಇಳ್ಸಕ್ಕೆ ಇನ್ನೊಂದು ಜೊತೆ ಕೈ ಬೇಕು. ನಾಳೆ ಬಾ."

ಗೊಬ್ಬರದ ಅಂಗಡಿಯವನಿಗೆ ಪಿಕಪ್ ಎಂದರೆ ಒಂದೇ ಅರ್ಥ, ಸಾಮಾನು ಸಾಗಿಸುವ ಗಾಡಿ. ಏನು ತರಿಸಿದರೋ, ಸಿಮೆಂಟೋ, ಮರವೋ ಎಂದುಕೊಂಡು ಹಳೇ ಅಂಗಿ ಹಾಕಿ, ತಲೆಗೆ ಸುತ್ತಲು ಟವೆಲ್ ತೆಗೆದುಕೊಂಡು, ಸೊಂಟ ಹಿಡಿದರೆ ಇರಲಿ ಎಂದು ನೋವಿನೆಣ್ಣೆಯನ್ನೂ ಜೇಬಿಗೆ ಹಾಕಿಕೊಂಡು ಆಲೂರಿನಿಂದ ಹೊರಟೆ. ಸಕಲೇಶಪುರದಲ್ಲಿ ಬಸ್ಸು ಬದಲಿಸಿ ಯಸಳೂರು ದಾರಿಯಲ್ಲಿ ಇಳಿದು ನೋಡಿದರೆ ಮನೆಯ ಮುಂದೆ ಗಾಡಿ ಇಲ್ಲ.

"ಪಿಕಪ್ ಎಲ್ಲಿ ಭಾವ? ಹೊಂಟೋಯ್ತಾ?"

ಭಾವ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಅಂಗೈ ಮೇಲೆ ಕೊಡವಿದರು. ಹಳೇ ಎಂಟಾಣೆಯಷ್ಟು ಅಗಲದ ಒಂದು ತೆಳು ಹಿತ್ತಾಳೆ ಬಿಲ್ಲೆ, ಅದಕ್ಕೆ ಎರಡು ವೈರಿನ ಬಾಲ. "ಇದೇ ಪಿಕಪ್ಪು. ವಾದ್ಯದ ಮೈಗೆ ಅಂಟಿಸಿದ್ರೆ ಅದ್ರ ನಡುಕ ಎತ್ಕೊಂಡು ಡಬ್ಬಕ್ಕೆ ಕೊಡ್ತೈತೆ. ಡಬ್ಬ ದೊಡ್ದು ಮಾಡಿ ಕಿವಿಗೆ ಕೊಡ್ತೈತೆ. ಫೋನಲ್ಲಿ ನೋಡಿ ತರ್ಸ್ದೆ."

ನಾನು ಬಸ್ಸಿಗೆ ಕೊಟ್ಟ ದುಡ್ಡಿಗಿಂತ ಪಿಕಪ್ ಅಗ್ಗ. ಟವೆಲ್ಲಿನಿಂದ ಮುಖ ಒರೆಸಿಕೊಂಡೆ.

ಬಿಲ್ಲೆಯ ವೈರಿಗೆ ಬೆಸುಗೆ ಹಾಕಿಸಲು ಅವರು ಸಕಲೇಶಪುರದ ರೇಡಿಯೋ ರಿಪೇರಿಯ ಖಾದರ್ ಸಾಬರ ಹತ್ತಿರ ಹೋಗಿದ್ದರಂತೆ. ಸಾಬರು ಬಿಲ್ಲೆ ನೋಡಿ, "ರೈಟ್ರೇ, ನಿಮ್ಗೆ ಯಾರೋ ಟೋಪಿ ಹಾಕವ್ರೆ. ಇದು ಅಲಾರಂ ಗಡಿಯಾರದೊಳ್ಗೆ ಇರ್ತೈತಲ್ಲ, ಆ ಬಜರ್ರು. ಇದು ಕೂಗೋದು, ಕೇಳ್ಸ್ಕೊಳ್ಳೋದಲ್ಲ" ಅಂದರಂತೆ. ಅದಕ್ಕೆ ಭಾವ, "ಕೂಗಕ್ಕೆ ಬರೋನಿಗೆ ಕೇಳ್ಸ್ಕೊಳ್ಳಕ್ಕೂ ಬರ್ಬೇಕಲ್ಲ ಸಾಬ್ರೇ" ಅಂದರಂತೆ. ಸಾಬರು ನಂಬಲಿಲ್ಲ, ಆದರೂ ಬೆಸುಗೆ ಹಾಕಿ, ಒಂದು ಹಳೇ ಸ್ಪೀಕರ್ ಡಬ್ಬವನ್ನೂ, ಕಿವಿಗೆ ಹಾಕಿಕೊಳ್ಳುವ ದಪ್ಪನೆಯ ಹೆಡ್‌ಫೋನನ್ನೂ ಕೊಟ್ಟು ಕಳಿಸಿದ್ದರು.

ಶಸ್ತ್ರಚಿಕಿತ್ಸೆ ಪಡಸಾಲೆಯಲ್ಲಿ ಶುರುವಾಯಿತು. ವೈರು ಹೊರಗೆ ಬರಲು ಯಾಕ್ಲಾದ ಬುಡಕ್ಕೆ ಭಾವ ಬೈರಿಗೆ ಇಟ್ಟರು. ಅಕ್ಕ ಕಣ್ಣು ಮುಚ್ಚಿಕೊಂಡಳು. ನಾನೂ ಮುಚ್ಚಿಕೊಂಡೆ. ತೂತು ಬಿತ್ತು, ಯಾಕ್ಲಾ ಸೀಳಲಿಲ್ಲ. ಇನ್ನು ಬಿಲ್ಲೆಯನ್ನು ಹೊಟ್ಟೆಯೊಳಗೆ, ತಂತಿ ಕಟ್ಟುವ ಪಟ್ಟಿಯ ಅಡಿಗೆ ಅಂಟಿಸಬೇಕು. ಯಾಕ್ಲಾದ ಬಾಯಿಗೆ ಭಾವನ ಕೈ ಹೋಗಲಿಲ್ಲ. ನನ್ನದು ಮೊದಲೇ ಹೋಗಲಿಲ್ಲ.

"ಸರೀರಿ ಆಕಡೆ. ಉಪ್ಪಿನಕಾಯಿ ಭರಣಿಗೆ ಕೈ ಹಾಕ್ದೋಳು ನಾನಾ, ನೀವಾ?" ಎಂದು ಅಕ್ಕ ಬಳೆಗಳನ್ನು ಮೊಣಕೈವರೆಗೆ ತಳ್ಳಿ, ಐದು ಬೆರಳನ್ನೂ ಮೊಗ್ಗಿನ ಹಾಗೆ ಮಾಡಿ ಸಲೀಸಾಗಿ ಕೈ ಇಳಿಸಿದಳು. ಪೊಟ್ಟಣದ ಜೊತೆ ಅಂಟಿನ ಪಟ್ಟಿಯೂ ಬಂದಿತ್ತು. ಭಾವ ಅದನ್ನು ಮುಟ್ಟಲಿಲ್ಲ. "ಮರಕ್ಕೆ ಮರದ್ದೇ ಅಂಟಾಗ್ಬೇಕು" ಎಂದು ಹಲಸಿನ ಮೇಣ ಕಾಯಿಸಿ ಬಿಲ್ಲೆಗೆ ಮೆತ್ತಿ ಕೊಟ್ಟರು. ಅಕ್ಕ ಒಳಗೆ ಅಂಟಿಸಿದಳು. ತಂತಿ ಮೀಟಿದ ಕೂಡಲೇ ಬಿಲ್ಲೆ ಕಳಚಿ ಹೊಟ್ಟೆಯೊಳಗೆ ಉರುಳಾಡಿತು. ಒಣಗಿದ ಸೋರೆಬುರುಡೆ ಅಲ್ಲಾಡಿಸಿದ ಹಾಗಾಯಿತು. ಅಕ್ಕನ ಕೈಗೆ ಮೆತ್ತಿದ ಮೇಣ ಬಿಡಿಸಲು ಎಣ್ಣೆ ಬಟ್ಟಲು ಬಂತು.

"ಒಳ್ಗೆ ಬೇಡ, ಹೊರ್ಗೇ ಇರ್ಲಿ" ಎಂದು ತೀರ್ಮಾನಿಸಿದರು ಭಾವ. ಬಿಲ್ಲೆಯನ್ನು ಬಾಯಿಂದ ಹೊರಗೆಳೆದು ಹೊಟ್ಟೆಯ ಮೇಲೇ ಇಟ್ಟರು. ಒಂದು ಹನಿ ಬಿದ್ದರೆ ಕಲ್ಲಿಗೆ ಕಬ್ಬಿಣ ಕಚ್ಚುವ ಅಂಟು ಬರುತ್ತದಲ್ಲ, ಅದನ್ನು ತೆಗೆದರು. ಡಬ್ಬಕ್ಕೆ ಸಿಕ್ಕಿಸಿದ ಹೆಡ್‌ಫೋನನ್ನು ಅಕ್ಕನಿಗೆ ಹಾಕಿ, "ನೀನು ಅಡ್ಗೆಮನೇಲಿ ಕೂತ್ಕೋ. ಕಿವೀದ ತೆಗೀಬೇಡ. ಕೇಳ್ಸಿದ್ ತಕ್ಷಣ ಕೂಗು" ಎಂದು ಕೂಗಿ ಹೇಳಿದರು. ಡಬ್ಬ ಪಕ್ಕದಲ್ಲಿದ್ದರೆ ಊಳಿಡುತ್ತದೆಂದು ಅದನ್ನೂ ಅಡುಗೆಮನೆಗೆ ಸಾಗಿಸಿ, ಅಲ್ಲಿಂದ ಇಲ್ಲಿಗೆ ಉದ್ದದ ವೈರು ಎಳೆದರು. ಅಕ್ಕ ತಲೆಯ ಮೇಲೆ ಎರಡು ಕರೀ ಒಬ್ಬಟ್ಟು ಕಟ್ಟಿಕೊಂಡವಳ ಹಾಗೆ ಒಳಗೆ ಹೋಗಿ ಸೊಪ್ಪು ಬಿಡಿಸುತ್ತ ಕೂತಳು.

"ನೀನು ಬಿಲ್ಲೆ ಒತ್ತಿ ಹಿಡಿ" ಎಂದು ಭಾವ ಅಂಟು ಸುರಿದರು. ಹನಿ ಎಂದೆನಲ್ಲ, ಅವರ ಲೆಕ್ಕದಲ್ಲಿ ಹನಿಯೆಂದರೆ ಧಾರೆ. ನಾನು ಬಲಗೈಯ ಎರಡು ಬೆರಳಿನಿಂದ ಒತ್ತಿ ಹಿಡಿದೆ. "ಬೇಗ ಒಣಗ್ಲಿ" ಎಂದು ಭಾವ ಫ್ಯಾನು ಹಾಕಿದರು. ಬೇಗ ಒಣಗಿತು. ಬೆರಳು ತೆಗೆಯಲು ನೋಡಿದರೆ ಬರಲಿಲ್ಲ. ಯಾಕ್ಲಾ, ಬಿಲ್ಲೆ, ನಾನು ಮೂವರೂ ಒಂದಾಗಿದ್ದೆವು.

ಭಾವ ಗಾಬರಿಯಾಗಲಿಲ್ಲ. ಎಣ್ಣೆ ಬಟ್ಟಲು ಹತ್ತಿರಕ್ಕೆಳೆದು ನನ್ನ ಬೆರಳ ಸಂದಿಗೆ ಎಣ್ಣೆ ಬಿಟ್ಟು ನಿಧಾನವಾಗಿ ತಿಕ್ಕತೊಡಗಿದರು. ನಾನು ಯಾಕ್ಲಾದ ಮೇಲೆ ಬಗ್ಗಿ ಕೂತಿದ್ದೆ. ನನ್ನ ಮುಖದ ಅಡಿಯಲ್ಲೇ ಅದರ ಬಾಯಿ. ನಮ್ಮ ಕಡೆ ಸುಳ್ಳೋ ನಿಜವೋ ಗೊತ್ತಾಗದಿದ್ದರೆ ದೇವರ ಮುಂದೆ ಮುಟ್ಟಿ ಪ್ರಮಾಣ ಮಾಡಿಸುತ್ತಾರೆ. ಎಷ್ಟೋ ಜನ ಮುಟ್ಟಿದ ಹಾಗೆ ಮಾಡಿ ಕೈ ಎಳೆದುಕೊಳ್ಳುತ್ತಾರೆ. ನನಗೆ ಆ ಅನುಕೂಲವೂ ಇರಲಿಲ್ಲ.

"ಭಾವ, ಒಂದು ಮಾತು."

"ನೋಯ್ತೈತಾ?"

"ಬೆರಳಲ್ಲ."

ಹೇಳಿದೆ. ಅವರ ಮುಖ ನೋಡುವ ಧೈರ್ಯವಿಲ್ಲದೆ ಯಾಕ್ಲಾದ ಬಾಯಿಗೇ ಹೇಳಿದೆ. ಅಕ್ಕ ಯಾವತ್ತೂ ನಾಚಿಕೆ ಅಂದವಳಲ್ಲ, ಬೀಗರಿಗೆ ಹೆದರಿ ಅವಳ ಹೆಸರು ಹೇಳಿದವನು ನಾನು. ಮನೆಯಲ್ಲೂ ಬೇಡವಾ ಎಂದು ಕೇಳಿದಾಗ ಹೂಂ ಅಂದವನು ನಾನು. ತಂತಿ ತಾ ಎಂದು ಅವಳು ಕೇಳಿದಾಗಲೆಲ್ಲ ಸಿಗಲ್ಲ ಅಂದವನೂ ನಾನೇ. ಕಿವಿ ಇದ್ದಷ್ಟು ಕಾಲವೂ ಅವಳಿಗೆ ಇದು ಕೇಳದ ಹಾಗೆ ಮಾಡಿದೆ ಭಾವ, ಎಂದೆ.

ಭಾವ ಎಣ್ಣೆ ತಿಕ್ಕುತ್ತಲೇ ಇದ್ದರು. ತಲೆಯೆತ್ತದೆ ಹೇಳಿದರು, "ಸ್ಟೋರಲ್ಲಿ ಮೂಟೆಗಳ್ಗೆ ಬಾರಿಸ್ತಿದ್ದೆ ಕಣಯ್ಯ. ಕಾಫಿ ಮೂಟೆಗಳ್ಗೇ, ಕಾಫಿ ಆಯ್ತಾ ಅಂತ. ಅಷ್ಟೊಂದು ಮೂಟೇಲಿ ಒಂದಾದ್ರೂ, ಆಯ್ತು ಬನ್ನಿ ಅನ್ಲಿಲ್ಲ."

ನಾನು ಅತ್ತೆನೋ ನಕ್ಕೆನೋ ನನಗೇ ತಿಳಿಯಲಿಲ್ಲ.

"ನೀನು ಒಂದು ಸಲ ಹೇಳ್ದೆ. ತಂತಿ ಹೋಗೈತೆ ಅಂತ ನಾನು ದಿನಾ ಹೇಳ್ದೆ. ಒಂದ್ಸಲ ಅವ್ಳನ್ನೇ ಕೇಳ್ಬೋದಿತ್ತು. ಕೇಳ್ಲಿಲ್ಲ" ಎಂದರು.

ಆಗ ಅಡುಗೆಮನೆಯ ಬಾಗಿಲಿನಿಂದ ದನಿ ಬಂತು. ಕಿವಿ ಕೇಳದವರ ಎತ್ತರದ ದನಿ.

"ತಂತಿ ಹೋಗಿರ್ಲಿಲ್ವಾ?"

ಅಕ್ಕ ನಿಂತಿದ್ದಳು. ತಲೆಯ ಮೇಲೆ ಹೆಡ್‌ಫೋನು, ಹಿಂದೆ ಅದರ ಉದ್ದನೆಯ ವೈರು, ಕೈಯಲ್ಲಿ ಒಂದು ಹಿಡಿ ಸೊಪ್ಪು. ಭಾವ ನನ್ನ ಮುಖ ನೋಡಿದರು, ನಾನು ಭಾವನ ಮುಖ ನೋಡಿದೆ. ಆಮೇಲೆ ಇಬ್ಬರೂ ತಲೆಯೆತ್ತಿ ಮೇಲೆ ನೋಡಿದೆವು. ಫ್ಯಾನು ತಿರುಗುತ್ತಿತ್ತು. ಅಡುಗೆಮನೆಯಲ್ಲಿ ಮಿಕ್ಸಿಯ ಪ್ಲಗ್ಗಿಗೆ ಮಿಕ್ಸಿಯ ಬದಲು ಡಬ್ಬ ಸಿಕ್ಕಿಸಿತ್ತು. ಬಸ್ ಸ್ಟ್ಯಾಂಡಿನಲ್ಲಿ ಪಿಸುಮಾತಿನಲ್ಲಿ ಹೇಳಿದ್ದನ್ನು ಇಲ್ಲಿ ಪಿಸುಮಾತಿನಲ್ಲೇ ಒಪ್ಪಿಕೊಂಡಿದ್ದೆ. ಯಾಕ್ಲಾ ಅದನ್ನು ಒಂದು ಅಕ್ಷರ ಬಿಡದೆ ಎತ್ತಿಕೊಂಡು ಹೋಗಿ ಅಕ್ಕನ ಕಿವಿಗೆ ಹಾಕಿತ್ತು. ಖಾದರ್ ಸಾಬರು ನೋಡಬೇಕಿತ್ತು.

ಅಕ್ಕ ಬಂದು ನನ್ನ ಮುಂದೆ ಕೂತಳು. ಸೊಪ್ಪು ಕೆಳಗಿಟ್ಟು, ಸೆರಗಿನಲ್ಲಿ ನನ್ನ ಮುಖ ಒರೆಸಿದಳು. ಬಿಳೀ ಗಡ್ಡದ ಗಲ್ಲ ಹಿಡಿದು ಮೇಲೆತ್ತಿದಳು.

"ಯಾಕ್ಲಾ?"

ಅವಳು ಕಾಯುತ್ತಿದ್ದಳು. ಅವಳು ಕೇಳಿದ್ದು ವಾದ್ಯವನ್ನು ಎಂದು ಭಾವ ತಪ್ಪಾಗಿ ತಿಳಿದರೋ, ನನ್ನನ್ನು ಬಿಡಿಸಲೆಂದು ತಿಳಿದೂ ತಿಳಿಯದವರ ಹಾಗೆ ಮಾಡಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ. "ಇಲ್ಲೇ ಐತೆ ಕಣೆ" ಎಂದು ಎಣ್ಣೆಗೈಯನ್ನು ಪಂಚೆಗೆ ಒರೆಸಿಕೊಂಡು, ನನ್ನ ಬೆರಳು ಅಂಟಿದ್ದಂತೆಯೇ, ಮೇಲಿನಿಂದ ಕೆಳಗೆ ನಾಲ್ಕು ತಂತಿ ಮೀಟಿದರು.

ಆ ನಡುಕ ನನ್ನ ಎರಡು ಬೆರಳಿನೊಳಗೆ ಹಾದುಹೋಯಿತು. ಅಕ್ಕನ ಕೈ ನನ್ನ ಗಲ್ಲ ಬಿಟ್ಟು ತನ್ನ ಕಿವಿಗೆ ಹೋಯಿತು. ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ಭಾವ ಇನ್ನೊಂದು ಸಲ ಮೀಟಿದರು. ಮೀಟಿ, ಕೈ ಹಾಗೆಯೇ ಹಿಡಿದು ಕಾದರು.

"ಆಯ್ತು, ಬನ್ನಿ" ಎಂದಳು ಅಕ್ಕ. ಒಲೆ ಹಚ್ಚಿರಲಿಲ್ಲ.

ಎದ್ದು ಒಳಗೆ ಹೋದಳು. ಬಾಗಿಲಲ್ಲಿ ನಿಂತು ತಿರುಗಿದಳು.

"ಅವನ್ ಬೆರಳು ಬುಡಿಸ್ಬೇಡಿ ರೀ. ಅಂಟ್ಕೊಂಡೇ ಇರ್ಲಿ. ಎಡಗೈಲಿ ಕುಡೀಲಿ."

ಎಡಗೈಯಲ್ಲೇ ಕುಡಿದೆ.